ಶಾಲೆಯ ಗೇಟು ದಾಟಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಫಲಿತಾಂಶ ಬಂದ ಮಾರನೇ ದಿನದಿಂದಲೇ ಹದಿನೈದು ಹದಿನಾರರ ಮಕ್ಕಳನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಮುಂದೇನು?" ಕೇಳುವವರಿಗೆ ಅದು ಮಾತಿಗೊಂದು ನೆಪ. ಕೇಳಿಸಿಕೊಂಡ ಮಗುವಿಗೆ ಎದೆ ಧಸಕ್ಕೆನ್ನುತ್ತದೆ. ಇಷ್ಟು ವರ್ಷ ಯಾರೋ ಹಾಕಿಕೊಟ್ಟ ವೇಳಾಪಟ್ಟಿಯಲ್ಲಿ ದಿನ ಕಳೆದಿದೆ. ಈಗ ಮೊದಲ ಸಲ ತಾನೇ ಆರಿಸಬೇಕು.

ಕಡ್ಡಾಯ ಶಿಕ್ಷಣ ಎಲ್ಲಿಗೆ ಮುಗಿಯುತ್ತದೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಭಾರತದ ಕಾನೂನು 6ರಿಂದ 14 ವರ್ಷದವರೆಗೆ ಎನ್ನುತ್ತದೆ. ಫಿನ್ಲೆಂಡ್ 2021ರಲ್ಲಿ ಅದನ್ನು 18ಕ್ಕೆ ಏರಿಸಿತು. ಇಂಗ್ಲೆಂಡಿನಲ್ಲಿ 16ಕ್ಕೆ ಶಾಲೆ ಬಿಡಬಹುದು. ಆದರೆ 2015ರಿಂದ, 18 ತುಂಬುವವರೆಗೆ ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕು. ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸಿಗಿಂತ ಮೊದಲು ಯಾರನ್ನೂ ಕೆಲಸಕ್ಕೆ ಸೇರಿಸಿಕೊಳ್ಳಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1973ರ ಒಪ್ಪಂದದಲ್ಲಿ ಹೇಳಿತು. ಶಾಲೆಗೂ ಕೆಲಸಕ್ಕೂ ನಡುವಿನ ಸಂದಿಯಲ್ಲಿ ಮಕ್ಕಳು ಕಳೆದುಹೋಗಬಾರದು ಎಂಬ ಕಾಳಜಿ ಇವೆಲ್ಲದರ ಹಿಂದೆ ಇದೆ.

ಸಾಮಾನ್ಯ ಓದಿನ ದಾರಿ, ಅಂದರೆ ಪ್ರೌಢಶಾಲೆಯಿಂದ ಕಾಲೇಜು, ಅಲ್ಲಿಂದ ಪದವಿ, ಎಲ್ಲರಿಗೂ ಗೊತ್ತಿರುವಂಥದ್ದು. ಅದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಪುಸ್ತಕದ ಮುಂದೆ ಹೊತ್ತು ಹೋದದ್ದೇ ತಿಳಿಯದ ಮಗುವಿಗೆ ಅದು ಒಳ್ಳೆಯ ದಾರಿ. ಇವತ್ತು ನಾನು ಮಾತಾಡಬೇಕೆಂದು ಬಂದಿರುವುದು ಇನ್ನೊಂದು ದಾರಿಯ ಬಗ್ಗೆ, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ವೃತ್ತಿ ತರಬೇತಿಯ ಬಗ್ಗೆ. ಅನೇಕ ಮನೆಗಳಲ್ಲಿ ಅದರ ಹೆಸರೆತ್ತಿದರೆ ಮುಖ ಸಪ್ಪಗಾಗುತ್ತದೆ.

ನಾನು ಬಹಳ ವರ್ಷ ಕಾರ್ಯಾಗಾರದಲ್ಲಿ ಕಲಿಸಿದವನು. ಫಿಟ್ಟರ್ ಕೆಲಸ, ಅಂದರೆ ಲೋಹದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕೆಲಸ, ಕಲಿಯಲು ಬಂದವರಿಗೆ ಮೊದಲ ವಾರಗಳಲ್ಲಿ ಯಂತ್ರ ಮುಟ್ಟಲು ಕೊಡುವುದಿಲ್ಲ. ಮೇಜಿಗೆ ಕೂಡಿಸಿದ ಇಕ್ಕಳದಂಥ ವೈಸಿನಲ್ಲಿ ಕಬ್ಬಿಣದ ತುಂಡೊಂದನ್ನು ಬಿಗಿದು, ಕೈಗೆ ಅರ ಕೊಟ್ಟು, "ಇದರ ಮೈ ಸಮ ಮಾಡು" ಎನ್ನುತ್ತೇವೆ. ಇಷ್ಟೇನಾ ಎನಿಸುತ್ತದೆ. ಆದರೆ ಉಜ್ಜುವಾಗ ಕೈ ತೂಗಾಡುತ್ತದೆ. ಅಂಚು ಸವೆದು ನಡು ಉಬ್ಬುತ್ತದೆ. ಮೂಲೆಮಟ್ಟವನ್ನು ಅದರ ಮೇಲಿಟ್ಟು ಕಿಟಕಿಯ ಕಡೆಗೆ ಹಿಡಿದರೆ ತಪ್ಪಿದ ಕಡೆಯಲ್ಲಿ ಕೂದಲೆಳೆಯಷ್ಟು ಬೆಳಕು ಇಣುಕುತ್ತದೆ. ಮತ್ತೆ ಉಜ್ಜು, ಮತ್ತೆ ಹಿಡಿದು ನೋಡು. ಆ ಬೆಳಕಿನ ಗೆರೆ ಮಾಯವಾದ ದಿನ ಹುಡುಗರ ಮುಖ ನೋಡಬೇಕು! ಯಾರೂ ಅಂಕ ಕೊಟ್ಟಿರುವುದಿಲ್ಲ. ಆದರೂ ಆಯಿತೆಂದು ಅವರಿಗೆ ಗೊತ್ತು.

ದಶಾಂಶ ಎಂದರೆ ಬೆವರುತ್ತಿದ್ದ ಹುಡುಗನೊಬ್ಬ ನನ್ನ ಬಳಿ ಬಂದಿದ್ದ. ಮೈಕ್ರೋಮೀಟರಿನಲ್ಲಿ ಮಿಲಿಮೀಟರಿನ ನೂರರಲ್ಲೊಂದು ಭಾಗ ಅಳೆಯಲು ಕಲಿತ ಮೇಲೆ, 0.01 ಅವನಿಗೆ ಬರೀ ಅಂಕಿಯಾಗಿ ಉಳಿಯಲಿಲ್ಲ. ಬೆರಳ ತುದಿಗೆ ತಿಳಿಯುವ ಅಳತೆಯಾಯಿತು. "ಓದು ತಲೆಗೆ ಹತ್ತದವರಿಗೆ ಕೈಕೆಲಸ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ. ಅವನಿಗೆ ಓದು ತಲೆಗೆ ಹತ್ತಿದ್ದೇ ಕೈಯ ಮೂಲಕ.

ಇದನ್ನು ಒಪ್ಪಿಕೊಂಡು ವ್ಯವಸ್ಥೆಯನ್ನೇ ಕಟ್ಟಿದ ದೇಶಗಳಿವೆ. ಸ್ವಿಟ್ಜರ್ಲೆಂಡಿನಲ್ಲಿ ಕಡ್ಡಾಯ ಶಾಲೆ ಮುಗಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ವೃತ್ತಿ ತರಬೇತಿಗೆ ಹೋಗುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಒಂದೆರಡು ದಿನ ಶಾಲೆ. ಬಡಗಿ, ಫಿಟ್ಟರ್ ಮಾತ್ರವಲ್ಲ, ಬ್ಯಾಂಕು, ಕಚೇರಿ, ಆರೈಕೆ, ಸಾಫ್ಟ್‌ವೇರ್ ಎಲ್ಲವೂ ಇದೆ. ಸೇರುವ ಮೊದಲು ಮಕ್ಕಳು ಕೆಲವು ದಿನ ಕೆಲಸದ ಜಾಗಕ್ಕೆ ಹೋಗಿ ನೋಡಿ ಬರುತ್ತಾರೆ. ಅದಕ್ಕೆ ಅಲ್ಲಿನ ಜರ್ಮನ್ ಮಾತಿನಲ್ಲಿರುವ ಹೆಸರಿನ ಅರ್ಥ, 'ಮೂಸಿ ನೋಡುವ ತರಬೇತಿ'. ನನಗೆ ಬಹಳ ಹಿಡಿಸಿದ ಹೆಸರು ಇದು. ನಾಲ್ಕು ದಿನ ಮೂಸಿ ನೋಡಿದರೆ, ನಾಲ್ಕು ವರ್ಷ ಮೂಗು ಮುಚ್ಚಿಕೊಂಡು ಕಳೆಯುವುದು ತಪ್ಪುತ್ತದೆ.

ಜರ್ಮನಿಯಲ್ಲಿ 1969ರಿಂದ ವೃತ್ತಿ ತರಬೇತಿಗೆಂದೇ ಕಾನೂನಿದೆ. ತರಬೇತಿಗೆ ಲಿಖಿತ ಒಪ್ಪಂದವಿರಬೇಕು. ಭತ್ಯೆ ಕೊಡಬೇಕು, ಅದು ವರ್ಷವರ್ಷವೂ ಏರಬೇಕು. ಮೊದಲ ಒಂದರಿಂದ ನಾಲ್ಕು ತಿಂಗಳು ಪರೀಕ್ಷಾ ಅವಧಿ. ಆ ಕೆಲಸ ಒಗ್ಗದಿದ್ದರೆ ಎರಡೂ ಕಡೆಯವರು ಬಿಡಬಹುದು. ಹದಿನಾರರ ಮಗು ತಪ್ಪು ಆರಿಸಬಹುದು ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಹೀಗಾಗಿ ಪೋಷಕರು ಬಂದು "ಯಾವ ಕೋರ್ಸು ಒಳ್ಳೆಯದು ಸಾರ್?" ಎಂದಾಗ ನಾನು ತಿರುಗಿ ಕೇಳುತ್ತೇನೆ: ಈ ದಾರಿಯಿಂದ ಇನ್ನೊಂದು ದಾರಿಗೆ ದಾಟಲು ಬಾಗಿಲಿದೆಯೇ, ವಿಚಾರಿಸಿದ್ದೀರಾ? ಸ್ವಿಟ್ಜರ್ಲೆಂಡಿನಲ್ಲಿ ತರಬೇತಿಯ ಜೊತೆಗೋ ನಂತರವೋ ವೃತ್ತಿಪರ ಮೆಟ್ರಿಕ್ಯುಲೇಷನ್ ಎಂಬ ಅರ್ಹತಾ ಪರೀಕ್ಷೆ ಮುಗಿಸಿ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯ ಸೇರಬಹುದು. ಭಾರತದಲ್ಲಿ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರಿಗೆ ಎಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೇ ಸೇರುವ ಅವಕಾಶವಿದೆ. ಕೆಲವು ಕೋರ್ಸುಗಳಿಗೆ ಇಂಥ ಬಾಗಿಲೇ ಇರುವುದಿಲ್ಲ. ಸರ್ಟಿಫಿಕೇಟು ಹೊಳೆಯುತ್ತಿರುತ್ತದೆ, ಆದರೆ ಅದನ್ನು ಕೊಟ್ಟವರ ಹೊರತು ಯಾರೂ ಮಾನ್ಯ ಮಾಡುವುದಿಲ್ಲ. ಹಣ ಕಟ್ಟಿ ಎರಡು ವರ್ಷ ಕಳೆದ ಮೇಲೆ ಇದು ಗೊತ್ತಾಗಿ ಅತ್ತ ಮಕ್ಕಳನ್ನು ನಾನು ನೋಡಿದ್ದೇನೆ. ಶುಲ್ಕ ಕಟ್ಟುವ ಮೊದಲೇ, ಆ ಸರ್ಟಿಫಿಕೇಟಿಗೆ ಮಾನ್ಯತೆ ಕೊಟ್ಟ ಮಂಡಳಿ ಯಾವುದು ಎಂದು ಕೇಳಿ. ಉತ್ತರವನ್ನು ಆ ಮಂಡಳಿಯಲ್ಲೇ ವಿಚಾರಿಸಿ ಖಚಿತ ಮಾಡಿಕೊಳ್ಳಿ.

ಅಪ್ರೆಂಟಿಸ್ ಎಂದು ಸೇರಿಸಿಕೊಂಡು ಬರೀ ಕಸ ಗುಡಿಸಲು, ಸಾಮಾನು ಹೊರಲು ಹಚ್ಚುವ ಕಡೆಗಳೂ ಇವೆ. ನೆಲ ಗುಡಿಸುವುದರಲ್ಲಿ ಅವಮಾನವೇನಿಲ್ಲ, ನಮ್ಮ ಕಾರ್ಯಾಗಾರದಲ್ಲಿ ಸಂಜೆ ಎಲ್ಲರೂ ಗುಡಿಸುತ್ತಿದ್ದೆವು. ಆದರೆ ಆರು ತಿಂಗಳಾದರೂ ಕೈಗೆ ಉಪಕರಣ ಬರಲಿಲ್ಲವೆಂದರೆ ಅದು ತರಬೇತಿಯಲ್ಲ, ಅಗ್ಗದ ಕೂಲಿ.

ಎಲ್ಲಿಗೇ ಸೇರುವುದಿದ್ದರೂ ಒಂದು ಸಲ ಕೆಲಸದ ಹೊತ್ತಿನಲ್ಲಿ ಹೋಗಿ ನೋಡಿ. ಮಗುವನ್ನೂ ಕರೆದೊಯ್ಯಿರಿ, ಪ್ರಶ್ನೆಗಳನ್ನು ಮಗುವೇ ಕೇಳಲಿ. ಕಚೇರಿಯ ಮೇಜಿನ ಹಿಂದೆ ಕೂತವರನ್ನು ಕೇಳಿದ ಮೇಲೆ, ಒಳಗೆ ಎರಡನೇ ವರ್ಷದಲ್ಲಿ ಕಲಿಯುತ್ತಿರುವ ಯಾರಾದರೊಬ್ಬರನ್ನು ಪಕ್ಕಕ್ಕೆ ಕರೆದು ಕೇಳಿ: "ಈ ವಾರ ನಿನ್ನ ಕೈಯಾರೆ ಏನು ಮಾಡಿದೆ, ತೋರಿಸುತ್ತೀಯಾ?"

ನಮಸ್ಕಾರ.