ಹಿಂದಿನ ಸೀಟಿನ ತಾತ

ಎಲ್ಲರಿಗೂ ನಮಸ್ಕಾರ.

ಪ್ರಿನ್ಸಿಪಾಲರು ನನ್ನ ಪರಿಚಯ ಮಾಡುವಾಗ "ಇವರ ತಾತನೂ ಪೈಲಟ್ ಆಗಿದ್ದರು" ಅಂದರು. ಮೊದಲು ಅದನ್ನು ತಿದ್ದಿಬಿಡುತ್ತೇನೆ. ತಾತ ಇದ್ದಿದ್ದರೆ ಎದ್ದು ನಿಂತು ತಿದ್ದುತ್ತಿದ್ದರು. ಅವರು ವಾಯುಪಡೆಯ ಡಕೋಟಾ ಅನ್ನೋ ಸಾಗಣೆ ವಿಮಾನದಲ್ಲಿ ಸಿಗ್ನಲರ್, ಅಂದರೆ ಸಂದೇಶ ಕಳಿಸುವವರು. ಪೈಲಟ್‌ಗಳ ಬೆನ್ನ ಹಿಂದೆ ಒಂದು ಪುಟ್ಟ ಮೇಜು, ಒಂದು ವೈರ್‌ಲೆಸ್ ಸೆಟ್, ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ತಟ್ಟೋಕೆ ಒಂದು ಕೀ. ಅಷ್ಟೇ ಅವರ ಜಾಗ. ಅರಸೀಕೆರೆ ಹತ್ತಿರದ ಹಳ್ಳಿಯ ಹುಡುಗ, ಮೆಟ್ರಿಕ್ ಮುಗಿಸಿ ಯುದ್ಧದ ಕಾಲದಲ್ಲಿ ಭರ್ತಿಯಾದವರು. ಮುಂದಿನ ಸೀಟಿಗೆ ಬೇಕಾದ ಓದಾಗಲಿ ಇಂಗ್ಲಿಷಾಗಲಿ ಆಗ ಅವರಿಗೆ ಇರಲಿಲ್ಲ.

ನಾನು ಅವರನ್ನು ಕಂಡಿದ್ದು ರಿಟೈರ್ ಆಗಿ ಎಷ್ಟೋ ವರ್ಷಗಳಾದ ಮೇಲೆ. ಆರಾಮಕುರ್ಚಿಯಲ್ಲಿ ಕೂತು ಅದರ ಕೈಮೇಲೆ ಬೆರಳಿನಿಂದ ಮೋರ್ಸ್ ತಟ್ಟುತ್ತಿದ್ದರು. ಡಾ ಡಿಟ್ ಡಾ ಡಿಟ್. ಅದು ಇಂಗ್ಲಿಷಿನ 'ಸಿ' ಅಕ್ಷರ. ಸಿ ಅಂದರೆ ಕಾಫಿ. ಅಜ್ಜಿಗೆ ಇಡೀ ಮೋರ್ಸ್‌ನಲ್ಲಿ ಗೊತ್ತಿದ್ದಿದ್ದು ಅದೊಂದೇ ಅಕ್ಷರ, ಅದನ್ನೂ ಎಷ್ಟೋ ಸಲ ಕೇಳಿಸದ ಹಾಗೆ ಇರುತ್ತಿದ್ದರು.

ತಾತನ ಹತ್ತಿರ ಕಥೆಗಳು ಬಹಳ ಇದ್ದವು. ಕಾಶ್ಮೀರದ ಯುದ್ಧ ಶುರುವಾದಾಗ, 1947ರ ಅಕ್ಟೋಬರ್ 27ರ ಬೆಳಗ್ಗೆ, ದೆಹಲಿಯಿಂದ ಡಕೋಟಾಗಳು ಸಿಖ್ ರೆಜಿಮೆಂಟಿನ ಸೈನಿಕರನ್ನು ತುಂಬಿಕೊಂಡು ಶ್ರೀನಗರಕ್ಕೆ ಹಾರಿದ್ದು. ವಿಮಾನ ನಿಲ್ದಾಣ ನಮ್ಮವರ ಕೈಯಲ್ಲೇ ಇದೆಯೋ ಇಲ್ಲವೋ ಅಂತ ಖಾತ್ರಿ ಇಲ್ಲದೆ ಹೋಗಿದ್ದು. ಆಮೇಲೆ ಪೂಂಛ್. ಶತ್ರುಗಳು ಸುತ್ತುಗಟ್ಟಿದ್ದ ಊರಿನಲ್ಲಿ ಜನರೇ ಸೇರಿ ಮಾಡಿದ್ದ ರನ್‌ವೇ ಪಟ್ಟಿಯ ಮೇಲೆ ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ಇಳಿಸಿದ್ದು. ಮೆಹರ್ ಸಿಂಗ್ ಹೆಸರು ಬಂದರೆ ತಾತ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗುತ್ತಿದ್ದರು. ಎಲ್ಲರೂ ಅವರನ್ನು 'ಬಾಬಾ' ಅನ್ನುತ್ತಿದ್ದರಂತೆ.

ನನಗೆ ಇಷ್ಟವಾಗಿದ್ದು ಲೇಹ್ ಕಥೆ. ಅದರಲ್ಲಿ ನಮ್ಮ ಕೊಡಗಿನವರೂ ಒಬ್ಬರು ಇದ್ದಾರೆ. 1948ರ ಮೇ 24. ಲೇಹ್‌ನಲ್ಲಿ ಸೋನಮ್ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಊರಿನವರನ್ನು ಸೇರಿಸಿಕೊಂಡು ಮರಳಿನ ಮೇಲೆ ಒಂದು ರನ್‌ವೇ ಪಟ್ಟಿ ಮಾಡಿಸಿದ್ದರು. ಹತ್ತು ಸಾವಿರ ಅಡಿಗೂ ಜಾಸ್ತಿ ಎತ್ತರ. ಅಲ್ಲಿಗೆ ಅದುವರೆಗೂ ಒಂದು ವಿಮಾನವೂ ಬಂದಿರಲಿಲ್ಲ. ಮೆಹರ್ ಸಿಂಗ್ ಹೊರಟಾಗ ಜತೆಗೆ ಹತ್ತಿ ಕೂತವರು ಮಡಿಕೇರಿಯ ಮೇಜರ್ ಜನರಲ್ ತಿಮ್ಮಯ್ಯ. ಡಕೋಟಾದ ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ರೆಕ್ಕೆಯ ಮೇಲೆ ಹಿಮ ಕಟ್ಟಿದರೆ ಕರಗಿಸುವ ಸಲಕರಣೆಯೂ ಇಲ್ಲ. ಆ ದಾರಿಗೆ ಸರಿಯಾದ ನಕ್ಷೆಯೂ ಇರಲಿಲ್ಲ. ಇಪ್ಪತ್ತು ಸಾವಿರ ಅಡಿ ದಾಟಿ ಹೋಗಬೇಕಿತ್ತು. ಹೋದರು, ಇಳಿದರು, ವಾಪಸ್ ಬಂದರು. ವಿಮಾನಕ್ಕೆ ತಿನ್ನಿಸೋಕೆ ಅಂತ ಊರವರು ಹುಲ್ಲು ತಂದಿದ್ದರು ಅಂತ ಒಂದು ಮಾತಿದೆ. ನಿಜವೋ ಸುಳ್ಳೋ, ತಾತ ಅದನ್ನು ಬಿಟ್ಟು ಕಥೆ ಮುಗಿಸುತ್ತಿರಲಿಲ್ಲ.

ಆ ದಿನದ ವಿಮಾನದಲ್ಲಿ ತಾತ ಇರಲಿಲ್ಲ. ಆಮೇಲೆ ಸಾಮಾನು, ಸೈನಿಕರನ್ನು ಒಯ್ಯುವಾಗ ಹೋಗಿದ್ದರು. ಅದಕ್ಕೆ ಅವರ ಲಾಗ್‌ಬುಕ್, ಹಾರಾಟದ ಲೆಕ್ಕ ಬರೆದಿಡುವ ಪುಸ್ತಕ, ಸಾಕ್ಷಿ. ಇಗೋ, ಇಲ್ಲಿದೆ. ಓದುತ್ತೇನೆ ಕೇಳಿ: "ಶ್ರೀನಗರ, ಲೇಹ್, ಶ್ರೀನಗರ. ಡ್ಯೂಟಿ: ಸಿಗ್ನಲರ್. 2 ಗಂಟೆ 40 ನಿಮಿಷ." ಮುಗೀತು. ಹೆದರಿಕೆ, ಚಳಿ, ಉಸಿರಾಟ, ಯಾವುದರ ಸುದ್ದಿಯೂ ಇಲ್ಲ. "ಇಷ್ಟೇನಾ ತಾತ?" ಅಂತ ಕೇಳಿದ್ದೆ. "ಬರೀಬೇಕಾದ್ದು ಬರ್ದಿದೀನಿ ಕಣಮ್ಮ" ಅಂದರು.

ಈಗ ನೀವು ಕೇಳಬಹುದು. ತಾತ ವಾಯುಪಡೆ, ಮೊಮ್ಮಗಳು ವಾಯುಪಡೆ, ಮಧ್ಯದಲ್ಲಿ ಅಪ್ಪ ಏನು ಮಾಡಿದರು? ಅಪ್ಪ ಬ್ಯಾಂಕ್ ಸೇರಿದರು. ಜೀವನದಲ್ಲಿ ಒಂದೇ ಊರಿನಲ್ಲಿ ಇರಬೇಕು ಅನ್ನೋದು ಅವರ ಒಂದೇ ಆಸೆಯಾಗಿತ್ತು. ವರ್ಗಾವಣೆ ತಪ್ಪಿಸಿಕೊಳ್ಳೋಕೆ ಎರಡು ಪ್ರಮೋಷನ್ ಬಿಟ್ಟರು.

ಚಿಕ್ಕವಳಿದ್ದಾಗ ನನಗೆ ಇದು ಅರ್ಥವಾಗುತ್ತಿರಲಿಲ್ಲ. ತಾತನಂಥ ತಂದೆ ಇದ್ದೂ ಅಪ್ಪನಿಗೆ ವಿಮಾನದ ಹುಚ್ಚು ಹಿಡಿಯಲಿಲ್ಲವಲ್ಲ ಅಂತ ಅನ್ನಿಸುತ್ತಿತ್ತು. ಈಗ ಅರ್ಥವಾಗುತ್ತದೆ. ಅಪ್ಪನ ಪಾಲಿಗೆ ಬಂದಿದ್ದು ಕಾಯುವ ಕೆಲಸ. ಅವರ ತಂದೆ ವರ್ಷಕ್ಕೆ ಒಂದೋ ಎರಡೋ ಸಲ ಟ್ರಂಕು ಹೊತ್ತು ಬರುವವರು, ಬಂದ ಹಾಗೆ ಹೋಗುವವರು. ತಂತಿ ಬಂದರೆ ಅಜ್ಜಿ ಒಡೆಯದೆ ದೇವರ ಮುಂದೆ ಇಟ್ಟು ಕೂರುತ್ತಿದ್ದರಂತೆ. ಓದಿ ಹೇಳಬೇಕಿದ್ದ ಹುಡುಗ ನಮ್ಮಪ್ಪ. ನನಗೆ ಸಿಕ್ಕಿದ್ದು ಕೆಲಸ ಮುಗಿಸಿ ಮನೆಗೆ ಬಂದ ಮನುಷ್ಯ. ಕೈತುಂಬ ಪುರುಸೊತ್ತು, ಬಾಯ್ತುಂಬ ಕಥೆ. ಅವರು ಇಳಿಯುತ್ತಾರೋ ಇಲ್ಲವೋ ಅನ್ನೋ ಚಿಂತೆ ನನಗೆ ಯಾವತ್ತೂ ಇರಲಿಲ್ಲ. ಇಳಿದೇ ಇದ್ದರಲ್ಲ, ನನ್ನ ಮುಂದೆ ಕೂತಿದ್ದರಲ್ಲ. ಮಕ್ಕಳಿಗಿಂತ ಮೊಮ್ಮಕ್ಕಳು ಈ ದಾರಿ ಹಿಡಿಯೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಎಲ್ಲ ಮಕ್ಕಳೂ ನಮ್ಮಪ್ಪನ ಹಾಗೆ ಅಂತ ಹೇಳುತ್ತಿಲ್ಲ. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ಅವರ ತಂದೆ ಡಕೋಟಾ ಪೈಲಟ್. ಮಗ ಒಂದು ಹಳೇ ಡಕೋಟಾವನ್ನು ವಿದೇಶದಲ್ಲಿ ರಿಪೇರಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಕೊಟ್ಟರು. ಅದರ ಹೆಸರು ಪರಶುರಾಮ, ನಂಬರ್ ವಿಪಿ 905. 1947ರಲ್ಲಿ ಶ್ರೀನಗರಕ್ಕೆ ಹೋದ ಡಕೋಟಾದ ನಂಬರ್ ಅದು. ತಾತ ಅದನ್ನು ನೋಡಲಿಲ್ಲ, ಅಷ್ಟರಲ್ಲಿ ಹೋಗಿಬಿಟ್ಟಿದ್ದರು.

ಇನ್ನು ನನ್ನ ವಿಷಯ. 1994ರಲ್ಲಿ ವಾಯುಪಡೆಯಲ್ಲಿ ಮಹಿಳಾ ಪೈಲಟ್‌ಗಳು ಬಂದರು. ಪೇಪರಿನಲ್ಲಿ ಬಂದಿದ್ದ ಫೋಟೊ ಕತ್ತರಿಸಿ ತಾತ ನನ್ನ ಲೆಕ್ಕದ ಪುಸ್ತಕದೊಳಗೆ ಇಟ್ಟರು. ಏನೂ ಹೇಳಲಿಲ್ಲ. ಡಿಗ್ರಿ ಮುಗಿಸಿ ಅರ್ಜಿ ಹಾಕಿದೆ. ಆಯ್ಕೆಗೆ ಕರೆದಿದ್ದು ಮೈಸೂರಿಗೆ. ಆಗ ಪೈಲಟ್ ಆಗುವವರಿಗೆ ಪಿಎಬಿಟಿ ಅಂತ ಒಂದು ಪರೀಕ್ಷೆ ಇತ್ತು. ಈಗ ಅದರ ಜಾಗದಲ್ಲಿ ಕಂಪ್ಯೂಟರ್ ಪರೀಕ್ಷೆ ಬಂದಿದೆ. ನಮ್ಮ ಕಾಲದ ಪರೀಕ್ಷೆಯಲ್ಲಿ ಒಂದು ಪರದೆ, ಅದರಲ್ಲಿ ಓಡಾಡುವ ಬೆಳಕಿನ ಚುಕ್ಕೆ. ಕೈಯಲ್ಲಿ ಸ್ಟಿಕ್, ಕಾಲಿನಲ್ಲಿ ಪೆಡಲ್. ಚುಕ್ಕೆಯನ್ನು ಮಧ್ಯದಲ್ಲೇ ಹಿಡಿದಿಡಬೇಕು. ಜೀವನದಲ್ಲಿ ಒಂದೇ ಸಲ ಅವಕಾಶ. ಫೇಲಾದರೆ ಮತ್ತೆ ಪೈಲಟ್ ಆಗೋಕೆ ಅರ್ಜಿ ಹಾಕುವ ಹಾಗೇ ಇಲ್ಲ. ಈ ನಿಯಮ ಈಗಲೂ ಇದೆ, ನೆನಪಿಟ್ಟುಕೊಳ್ಳಿ.

"ನಿಮ್ಮ ತಾತ ಇದ್ದರಲ್ಲ, ಸುಲಭವಾಗಿ ಸಿಕ್ಕಿರಬೇಕು" ಅಂತ ತುಂಬ ಜನ ಹೇಳಿದ್ದಾರೆ. ಆ ಚುಕ್ಕೆಗೆ ನಮ್ಮ ತಾತ ಯಾರು ಅಂತ ಗೊತ್ತಿರಲಿಲ್ಲ. ಮೆಡಿಕಲ್‌ನಲ್ಲಿ ಕಾಲಿನ ಉದ್ದ ಅಳೆಯುತ್ತಾರೆ, 99 ಸೆಂಟಿಮೀಟರ್‌ಗೆ ಕಮ್ಮಿ ಇರಬಾರದು. ತಾತನ ಉದ್ದ ಕಾಲು ನನಗೆ ಬಂದಿತ್ತು. ಹುಟ್ಟಿನಿಂದ ಬಂದ ಬಳುವಳಿ ಅಂದರೆ ಅದೊಂದೇ. ಈ "ರಕ್ತದಲ್ಲೇ ಇದೆ" ಅನ್ನೋ ಮಾತು ನನಗೆ ಹಿಡಿಸೋದಿಲ್ಲ. ಮನೆಯಲ್ಲಿ ವಿಮಾನದ ಮಾತು ಊಟ ತಿಂಡಿಯ ಹಾಗೆ ಸಲೀಸಾಗಿತ್ತು, ಅದರಿಂದ ಅನುಕೂಲವಾಯಿತು. ಅದನ್ನು ಒಪ್ಪುತ್ತೇನೆ.

ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ತರಬೇತಿ, ಆಮೇಲೆ ಯಲಹಂಕ. ಕೊನೆಗೆ ಕೈಗೆ ಸಿಕ್ಕಿದ್ದು ಎಎನ್-32. ಸೋವಿಯತ್ ಕಾಲದ ಸಾಮಾನು ಸಾಗಿಸುವ ವಿಮಾನ, 1984ರಿಂದ ನಮ್ಮಲ್ಲಿದೆ. ನೋಡೋಕೆ ಚೆಂದ ಅಂತ ಯಾರೂ ಹೇಳಲಾರರು, ಸದ್ದು ವಿಪರೀತ. ಮೊದಲ ಸಲ ಚಂಡೀಗಢದಿಂದ ಲೇಹ್‌ಗೆ ಹೋದಾಗ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಅಲ್ಲಿ ಮಧ್ಯಾಹ್ನವಾದರೆ ಗಾಳಿ ಎದ್ದುಬಿಡುತ್ತದೆ. ಬಿಸಿಲೇರಿದ ಹಾಗೆ ಗಾಳಿ ತೆಳ್ಳಗಾಗಿ ವಿಮಾನ ಎತ್ತುವ ಭಾರ ಕಮ್ಮಿಯಾಗುತ್ತದೆ. ಸಾಮಾನ್ಯವಾಗಿ ಒಂದು ಕಡೆಯಿಂದ ಇಳಿದು ಅದೇ ಕಡೆಗೆ ಏರಿ ಹೋಗಬೇಕು, ಇನ್ನೊಂದು ಕಡೆ ಗುಡ್ಡ. ನನಗೆ ರೇಡಾರ್ ಇತ್ತು, ನಕ್ಷೆ ಇತ್ತು, ಬೆಚ್ಚಗಿನ ಕಾಕ್‌ಪಿಟ್ ಇತ್ತು. ಆದರೂ ಅಂಗೈ ಬೆವರಿತ್ತು. ಸಂಜೆ ಲಾಗ್‌ಬುಕ್ ತೆಗೆದು ಏನು ಬರೆದೆ ಹೇಳಿ? ಚಂಡೀಗಢ, ಲೇಹ್, ಚಂಡೀಗಢ. ಗಂಟೆ, ನಿಮಿಷ. ಅಷ್ಟೇ.

ನನ್ನ ಕಾಲಕ್ಕೆ ಹೆಣ್ಣುಮಕ್ಕಳಿಗೆ ಫೈಟರ್, ಅಂದರೆ ಯುದ್ಧವಿಮಾನ, ಹಾರಿಸುವ ಅವಕಾಶ ಇರಲಿಲ್ಲ. ಅದು ಬಂದಿದ್ದು 2016ರ ಜೂನ್ 18ಕ್ಕೆ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಮೂವರು. ಈ ಮೋಹನಾ ಸಿಂಗ್ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಅಕ್ಕರೆ. ಅವರ ಅಜ್ಜ ಫ್ಲೈಟ್ ಗನ್ನರ್ ಆಗಿದ್ದವರು. ನಮ್ಮ ತಾತನ ಹಾಗೇ ಹಿಂದೆ ಕೂರುವ ಜನ. ಅಪ್ಪ ವಾಯುಪಡೆಯಲ್ಲಿ ವಾರಂಟ್ ಆಫೀಸರ್. ಮೂರನೇ ತಲೆಮಾರಿನ ಹುಡುಗಿ ನಮ್ಮ ಬೀದರ್‌ನಲ್ಲಿ ಹಾಕ್ ಅನ್ನೋ ತರಬೇತಿ ಜೆಟ್ ಹಾರಿಸಲು ಕಲಿತರು. 2024ರಲ್ಲಿ ತೇಜಸ್ ಫೈಟರ್‌ಗಳ ಸ್ಕ್ವಾಡ್ರನ್ ಸೇರಿದ ಮೊದಲ ಮಹಿಳೆಯಾದರು. ತೇಜಸ್ ತಯಾರಾಗೋದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ಗೊತ್ತಲ್ವಾ? ಆ ಸುದ್ದಿ ಓದಿದ ದಿನ ನಾನು ಮೇಜಿನ ಮೇಲೆ ಸಿ ತಟ್ಟಿ, ನಾನೇ ಎದ್ದು ಹೋಗಿ ಕಾಫಿ ಮಾಡಿಕೊಂಡೆ.

ಇನ್ನೊಂದು ದಿನದ ಬಗ್ಗೆ ಹೇಳಬೇಕು. 2016ರ ಜುಲೈ 22. ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದರಲ್ಲಿ 29 ಜನ. ಅವಶೇಷ ಸಿಕ್ಕಿದ್ದು 2024ರಲ್ಲಿ, ಸಮುದ್ರದೊಳಗೆ 3,400 ಮೀಟರ್ ಆಳದಲ್ಲಿ. ಅವತ್ತು ನಾನು ಇದ್ದಿದ್ದು ಉತ್ತರದಲ್ಲಿ, ಹಾರಾಟವೂ ಇರಲಿಲ್ಲ. ಆದರೆ ಟಿವಿಯಲ್ಲಿ ವಿಮಾನದ ಹೆಸರು ಬರುತ್ತಿತ್ತು, ಒಳಗೆ ಯಾರಿದ್ದಾರೆ ಅಂತ ಬರುತ್ತಿರಲಿಲ್ಲ. ನಾನು ಫೋನ್ ನೋಡೋ ಹೊತ್ತಿಗೆ ಅಪ್ಪನ ಹದಿನೇಳು ಕರೆ ಬಂದಿದ್ದವು. ವಾಪಸ್ ಮಾಡಿದೆ. ನನ್ನ ದನಿ ಕೇಳಿದ ಮೇಲೆ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟ ಆಯ್ತಾ" ಅಂದರು.

ತಾತನ ಕಥೆಗಳಲ್ಲಿ ಈ ಫೋನಿನ ಭಾಗ ಬಂದಿರಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ.

ಸರಿ, ಸಾಕು. ಎರಡೂ ಲಾಗ್‌ಬುಕ್ ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ, ಬಂದು ನೋಡಿ. ಕೆಂಪು ಇಂಕಿನಲ್ಲಿ ಇರೋದು ರಾತ್ರಿಯ ಹಾರಾಟ. ತಾತನದರ ಪುಟ ಮಾತ್ರ ಬೆರಳಿಗೆ ಎಂಜಲು ಹಚ್ಚಿ ತಿರುಗಿಸಬೇಡಿ, ಹಳೇ ಕಾಗದ, ಹರಿದುಹೋಗುತ್ತದೆ.