ವಿಳಾಸವನ್ನು ಕೆಳಗಿನಿಂದ ಓದೋಣ

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಮನೆಗೆ ಬಂದು ರಕ್ತದ ಸ್ಯಾಂಪಲ್ ತೆಗೆದುಕೊಂಡು ಹೋಗುವ ಒಂದು ತಂಡಕ್ಕೆ ವಿಳಾಸ ಹುಡುಕುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ಬೆಳಿಗ್ಗೆ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಕಾಫಿಯನ್ನೂ ಕುಡಿಯದೆ ಒಂಬತ್ತೂವರೆವರೆಗೆ ಕಾದು ಕೂತಿದ್ದರು. ಹುಡುಗ ಹೊತ್ತಿಗೆ ಸರಿಯಾಗಿಯೇ ಹೊರಟಿದ್ದ. ಆದರೆ ವಿಳಾಸ ‘8ನೇ ಕ್ರಾಸ್, 4ನೇ ಮೇನ್’ ಎಂದಿದ್ದರೆ ಅವನು ನಿಂತದ್ದು 8ನೇ ಮೇನ್, 4ನೇ ಕ್ರಾಸಿನಲ್ಲಿ. ನನ್ನ ಪ್ರೋಗ್ರಾಂ ಅಲ್ಪವಿರಾಮಗಳನ್ನೆಲ್ಲ ಕಿತ್ತುಹಾಕಿ, ಸಂಖ್ಯೆಗಳನ್ನು ಒಂದು ಕಡೆ, ಪದಗಳನ್ನು ಇನ್ನೊಂದು ಕಡೆ ಮಾಡಿತ್ತು. ಯಾವ ಎಂಟು ಯಾವುದಕ್ಕೆ ಸೇರಿದ್ದು ಎನ್ನುವುದೇ ಕಳೆದುಹೋಗಿತ್ತು.

ಜನ ತೋಚಿದಂತೆ ಒಂದೇ ಸಾಲಿನಲ್ಲಿ ಬರೆದ ವಿಳಾಸವನ್ನು ಅಕ್ಷಾಂಶ, ರೇಖಾಂಶಕ್ಕೆ ತಿರುಗಿಸುವುದೇ ಜಿಯೋಕೋಡಿಂಗ್. ಈ ಕೆಲಸವನ್ನು ನಮಗಿಂತ ಮೊದಲು, ನಮಗಿಂತ ಚೆನ್ನಾಗಿ ಮಾಡಿದವರು ಅಂಚೆಯವರು. ಅವರು ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೊದಲು ಪಿನ್‌ಕೋಡ್, ಆಮೇಲೆ ಬಡಾವಣೆ, ಆಮೇಲೆ ರಸ್ತೆ, ಕೊನೆಗೆ ಮನೆ ನಂಬರ್. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಹಿರಿಯರು ಈಗಲೂ ‘ಮಲ್ಲೇಶ್ವರಂ, ಬೆಂಗಳೂರು–3’ ಎಂದು ಬರೆಯುತ್ತಾರೆ. ಆ ಮೂರನ್ನು ಮನೆ ನಂಬರ್ ಎಂದುಕೊಳ್ಳುವ ಪ್ರೋಗ್ರಾಂಗಳಿವೆ. ಅದು 560003 ಎಂದು ಗೊತ್ತಿರುವ ಪ್ರೋಗ್ರಾಂ ಅರ್ಧ ದಾರಿ ಗೆದ್ದ ಹಾಗೆ.

ಕೆಳಗಿನಿಂದ ಓದದಿದ್ದರೆ ಏನಾಗುತ್ತದೆ? ‘ವಿಜಯನಗರ 2ನೇ ಹಂತ’ ಎಂದು ಯಾರೋ ಟೈಪ್ ಮಾಡುತ್ತಾರೆ ಎಂದುಕೊಳ್ಳಿ. ವಿಜಯನಗರ ಬೆಂಗಳೂರಿನಲ್ಲಿದೆ, ಮೈಸೂರಿನಲ್ಲಿದೆ, 2021ರಿಂದ ಆ ಹೆಸರಿನ ಜಿಲ್ಲೆಯೇ ಇದೆ. 80 ಅಡಿ ರಸ್ತೆ ಇಂದಿರಾನಗರದಲ್ಲೂ ಉಂಟು, ಕೋರಮಂಗಲದಲ್ಲೂ ಉಂಟು. ಯಾವ ಊರು, ಯಾವ ಬಡಾವಣೆ ಎಂದು ಗಟ್ಟಿಯಾಗುವ ಮೊದಲೇ ರಸ್ತೆಯನ್ನು ಹುಡುಕಲು ಹೊರಟರೆ ಮೊದಲು ಸಿಕ್ಕಿದ್ದೇ ಸರಿ ಎನ್ನಿಸಿಬಿಡುತ್ತದೆ.

ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹುಡುಕು ಯಂತ್ರ ನಾಮಿನಾಟಿಮ್ ಅನ್ನು ನಿಮ್ಮಲ್ಲಿ ಹಲವರು ಬಳಸಿದ್ದೀರಿ. ಅದಕ್ಕೆ ಇಡೀ ಸಾಲನ್ನೇ ಕೊಡಬಹುದು, ಇಲ್ಲವೇ ರಸ್ತೆ, ಊರು, ಪಿನ್‌ಕೋಡ್ ಎಂದು ಬಿಡಿಸಿಯೂ ಕೊಡಬಹುದು, ಎರಡನ್ನೂ ಬೆರೆಸುವಂತಿಲ್ಲ. ಬಿಡಿಸಿ ಕೊಟ್ಟರೆ ಹೆಚ್ಚು ಖಚಿತ ಎಂದು ನಾನೂ ನಂಬಿದ್ದೆ. ಆದರೆ ಆ ಬಿಡಿ ಖಾನೆಗಳಲ್ಲಿ ಬಡಾವಣೆಗೆ ಜಾಗವೇ ಇಲ್ಲ! ನಮ್ಮ ವಿಳಾಸದ ಜೀವ ಇರುವುದೇ ಅಲ್ಲಿ. ಹಾಗಾಗಿ ನಾನು ಈಗ ಎರಡು ಸಲ ಹುಡುಕುತ್ತೇನೆ. ಮೊದಲ ಸಲ ಬಡಾವಣೆಯನ್ನಷ್ಟೇ ಕೇಳಿ ಅದರ ನಾಲ್ಕು ಎಲ್ಲೆಗಳನ್ನು ತೆಗೆದುಕೊಳ್ಳುತ್ತೇನೆ. ಎರಡನೇ ಸಲ ಆ ಚೌಕದೊಳಗೆ ಮಾತ್ರ ರಸ್ತೆಯನ್ನು ಹುಡುಕು, ಹೊರಗೆ ಹೋಗಬೇಡ ಎಂದು ಕಟ್ಟು ಹಾಕುತ್ತೇನೆ.

ಅದಕ್ಕೂ ಮೊದಲು ಸಾಲನ್ನು ಹಸನು ಮಾಡಬೇಕು. 8, ೮, ಎಂಟನೇ ಎಲ್ಲವೂ ಒಂದೇ. ಕ್ರಾಸ್ ಮತ್ತು ಅಡ್ಡರಸ್ತೆ ಒಂದೇ, ಮೇನ್ ಮತ್ತು ಮುಖ್ಯರಸ್ತೆ ಒಂದೇ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೆಜೆಸ್ಟಿಕ್ ಎಂದರೆ ಕೆಂಪೇಗೌಡ ಬಸ್ ನಿಲ್ದಾಣದ ಸುತ್ತಮುತ್ತ. ‘1ನೇ ಮಹಡಿ’, ‘ಗಣೇಶನ ಗುಡಿ ಹಿಂದೆ’ ಎಂಬುವನ್ನು ಬೇರೆ ಎತ್ತಿಡಿ. ಬಿಸಾಡಬೇಡಿ, ಕೊನೆಗೆ ಮನೆ ಹುಡುಕುವವರಿಗೆ ಅವೇ ದಾರಿದೀಪ.

ಮನೆ ನಂಬರ್ ವಿಷಯದಲ್ಲಿ ಅಮೆರಿಕದ ರೂಢಿಯನ್ನು ಇಲ್ಲಿಗೆ ತರುವುದು ಬೇಡ. ಅಲ್ಲಿ ಸಾಮಾನ್ಯವಾಗಿ ರಸ್ತೆಯ ಒಂದು ಬದಿ ಸರಿಸಂಖ್ಯೆ, ಇನ್ನೊಂದು ಬದಿ ಬೆಸಸಂಖ್ಯೆ. ಎರಡು ತುದಿಗಳ ನಂಬರ್ ಗೊತ್ತಿದ್ದರೆ ನಡುವಿನ ಮನೆಯನ್ನು ಅಂದಾಜಿಸಬಹುದು. ನಮ್ಮಲ್ಲಿ ಎಷ್ಟೋ ನಂಬರ್‌ಗಳು ಸೈಟ್ ಹಂಚಿದಾಗ ಬಂದವು. ಅಣ್ಣತಮ್ಮಂದಿರು ಪಾಲಾದಾಗ 45 ಹೋಗಿ 45/1, 45/2 ಆಗುತ್ತದೆ. ಹಳೆಯ ನಂಬರ್ ಬೇರೆ, ಹೊಸ ನಂಬರ್ ಬೇರೆ. ಇಲ್ಲಿ ಅಂದಾಜಿನ ಲೆಕ್ಕ ನಿಲ್ಲುವುದಿಲ್ಲ. ಆದರೆ ‘8ನೇ ಕ್ರಾಸ್, 4ನೇ ಮೇನ್’ ಎಂಬುದರಲ್ಲಿ ಎರಡು ಗೆರೆಗಳಿವೆ. ಅವು ಕೂಡುವ ಮೂಲೆಯನ್ನು ಬಡಾವಣೆಯ ಎಲ್ಲೆಯೊಳಗೆ ಲೆಕ್ಕ ಹಾಕಿ ತೆಗೆದರೆ ಮನೆ ಸಾಮಾನ್ಯವಾಗಿ ಅಲ್ಲೇ ಹತ್ತಿರ. ನಮ್ಮ ಹಿರಿಯರು ವಿಳಾಸದಲ್ಲೇ ಅಕ್ಷಾಂಶ ರೇಖಾಂಶ ಬರೆದಿಟ್ಟಂತೆ ಇದು. ಇದನ್ನು ಕಂಡುಕೊಂಡ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಇನ್ನು, ಬಂದ ಉತ್ತರವನ್ನು ನಂಬುವುದು ಹೇಗೆ? ದಶಾಂಶದ ನಂತರ ಆರು ಅಂಕಿಗಳಿದ್ದರೆ ಅದು ಸುಮಾರು 11 ಸೆಂಟಿಮೀಟರ್ ನಿಖರತೆಯ ಮಾತು. ಬಡಾವಣೆಯ ನಟ್ಟನಡುವಿನ ಬಿಂದುವನ್ನು ಕೊಟ್ಟಾಗಲೂ ಯಂತ್ರ ಅಷ್ಟೇ ಅಂಕಿಗಳನ್ನು ಕೊಡುತ್ತದೆ. ಅಂಕಿ ನೋಡಬೇಡಿ, ಸಿಕ್ಕಿದ್ದು ಮನೆಯೋ, ರಸ್ತೆಯೋ, ಬರೀ ಬಡಾವಣೆಯೋ ಎಂದು ನೋಡಿ. ಗೂಗಲ್‌ನ ಸೇವೆಯೂ ಉತ್ತರದ ಜೊತೆ ಇದನ್ನು ತಿಳಿಸುತ್ತದೆ, ಸಾಲಿನ ಒಂದು ಭಾಗ ಮಾತ್ರ ಹೊಂದಿದ್ದರೆ ಹಾಗೆಂದೂ ಹೇಳುತ್ತದೆ. ಬರೀ ಬಡಾವಣೆ ಸಿಕ್ಕಿದ್ದರೆ ಹುಡುಗನನ್ನು ಕಳಿಸಬಾರದು. ಫೋನ್ ಮಾಡಿ ‘ಅಜ್ಜಿ, ನಿಮ್ಮ ಮನೆ ಯಾವ ಮೇನ್‌ನಲ್ಲಿ?’ ಎಂದು ಕೇಳಬೇಕು.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ದೇಶವನ್ನು ಸುಮಾರು 4 ಮೀಟರ್ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರಾಂಕಿಗಳ ಗುರುತು ಕೊಟ್ಟಿದ್ದಾರೆ. ಒಳ್ಳೆಯ ಕೆಲಸ, ಬಳಸೋಣ. ಆದರೆ ಜನ ಬಾಯಲ್ಲಿ ಹೇಳುವುದು ಇನ್ನೂ ಅರಳಿಕಟ್ಟೆಯನ್ನೇ, ಹುಡುಕು ಪೆಟ್ಟಿಗೆಯಲ್ಲಿ ಬರೆಯುವುದೂ ಅದನ್ನೇ.

ನಿಮ್ಮ ಕೈಯಲ್ಲಿ ಒಂದೊಂದು ಚೀಟಿ ಇದೆ. ನಿಮ್ಮ ಮನೆಯ ವಿಳಾಸ ಬೇಡ. ನಿಮ್ಮ ಬೀದಿಯ ಗ್ರಂಥಾಲಯವನ್ನೋ ಪಾರ್ಕನ್ನೋ, ಆಟೋದವರಿಗೆ ಹೇಳುವಂತೆ ಒಂದೇ ಸಾಲಿನಲ್ಲಿ ಬರೆಯಿರಿ. ಊಟದ ನಂತರ ಅವನ್ನೇ ಯಂತ್ರಕ್ಕೆ ಕೊಟ್ಟು, ಎಲ್ಲೆಲ್ಲಿ ಎಡವುತ್ತದೆ ಎಂದು ಒಟ್ಟಿಗೆ ನೋಡೋಣ.