ರೂಲ್ ಹೇಗೋ ಕಾಲು ಹಾಗೆ: ಕರಾಟೆ, ಟೇಕ್ವಾಂಡೋ ಮತ್ತು ಅದರ ಅಣ್ತಮ್ಮಂದಿರು

ಎಲ್ಲರಿಗೂ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಕೇಳ್ತಿರೋರು ಯಾರು ಅಂತ ನಂಗೆ ಅಂದಾಜಿದೆ, ಮಕ್ಕಳನ್ನ ಕ್ಲಾಸಿಗೆ ಬಿಟ್ಟು ಹೊರಗೆ ಸ್ಕೂಟರ್ ಮೇಲೆ ಕಾಯ್ತಾ ಕೂತಿರೋ ಅಪ್ಪಂದ್ರು, ಕುಕ್ಕರ್ ಕೂಗೋದನ್ನ ಕಾಯ್ತಾ ಕೇಳ್ತಿರೋ ಅಮ್ಮಂದ್ರು, ಆಮೇಲೆ ಯೂಟ್ಯೂಬಲ್ಲಿ ಸಿಕ್ಕಿದ್ದೆಲ್ಲಾ ವಿಡಿಯೋ ನೋಡಿ ತಲೆ ಕೆಡಿಸ್ಕೊಂಡಿರೋ ಹುಡುಗ್ರು. ನಿಮ್ಮೆಲ್ಲರದೂ ಒಂದೇ ಪ್ರಶ್ನೆ, ನಾನು ಇಷ್ಟು ವರ್ಷದಿಂದ ಕೇಳಿಸ್ಕೊಳ್ತಾನೇ ಇದೀನಿ: ಸರ್, ಕರಾಟೆ ಒಳ್ಳೇದಾ ಟೇಕ್ವಾಂಡೋ ಒಳ್ಳೇದಾ, ಜಪಾನಿಂದು ಸ್ಟ್ರಾಂಗಾ ಕೊರಿಯಾದ್ದು ಸ್ಟ್ರಾಂಗಾ?

ದಯವಿಟ್ಟು ಈ ಪ್ರಶ್ನೆ ಬಿಡಿ. ದೇಶದ ಹೆಸರು ನೋಡಿ ಏನೂ ಗೊತ್ತಾಗಲ್ಲ. ನೀವು ಕೇಳ್ಬೇಕಾದ್ದು ಒಂದೇ, ಇಲ್ಲಿ ಪಾಯಿಂಟ್ ಯಾವುದಕ್ಕೆ ಕೊಡ್ತಾರೆ, ಯಾವುದಕ್ಕೆ ಕೊಡಲ್ಲ, ಯಾವುದು ಫೌಲ್. ಅಷ್ಟೇ. ರೂಲ್ ಹೇಗೋ ಕಾಲು ಹಾಗೆ. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದನ್ನೇ, ಇನ್ನೂ ಮೂರ್ನಾಲ್ಕು ಸಲ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ನಮ್ಮ ಬೀದಿ ಕ್ರಿಕೆಟ್ ನೆನಪು ಮಾಡ್ಕೊಳಿ. ಬಾಲು ಪಕ್ಕದ ಮನೆ ಕಾಂಪೌಂಡ್ ಒಳಗೆ ಬಿದ್ರೆ ಔಟ್ ಅಂತ ರೂಲ್ ಇರೋ ಬೀದಿಲಿ ಬೆಳೆದ ಹುಡುಗ ಬಾಲನ್ನ ಎತ್ತಿ ಹೊಡಿಯೋದೇ ಇಲ್ಲ, ನೆಲಕ್ಕೆ ಒತ್ತಿ ಒತ್ತಿ ಹೊಡೀತಾನೆ, ಅದೇ ಹುಡುಗನ ದಾಯಾದಿ ಊರಲ್ಲಿ ಬಯಲಲ್ಲಿ ಆಡಿದ್ರೆ ಬರೀ ಸಿಕ್ಸರ್. ಇಬ್ಬರದ್ದೂ ಒಂದೇ ಮನೆತನ, ಒಂದೇ ಬ್ಯಾಟು. ಕರಾಟೆ ಟೇಕ್ವಾಂಡೋ ಕಥೇನೂ ಹೀಗೇನೇ, ದಾಯಾದಿಗಳು.

ದಾಯಾದಿಗಳು ಅಂತ ಸುಮ್ನೆ ಹೇಳ್ತಿಲ್ಲ. ನಿಮ್ಮ ಮಗು ಹಾಕ್ಕೊಳೋ ಆ ಬಿಳಿ ಡ್ರೆಸ್ಸು, ಸೊಂಟಕ್ಕೆ ಕಟ್ಟೋ ಬೆಲ್ಟು, ಮೊದಲನೇ ದಾನ್ ಎರಡನೇ ದಾನ್ ಅಂತ ಬ್ಲಾಕ್ ಬೆಲ್ಟಿನ ದರ್ಜೆ ಹೇಳೋ ಲೆಕ್ಕ, ಇದೆಲ್ಲಾ ಕರಾಟೆದೂ ಅಲ್ಲ ಟೇಕ್ವಾಂಡೋದ್ದೂ ಅಲ್ಲ, ಜೂಡೋ ಶುರು ಮಾಡಿದ ಜಿಗೊರೋ ಕಾನೋ ಅವರದ್ದು. 1882ರಲ್ಲಿ ಟೋಕಿಯೋದ ಒಂದು ದೇವಸ್ಥಾನದಲ್ಲಿ ಹನ್ನೆರಡು ಚಾಪೆ ಹಾಸೋ ಅಷ್ಟು ಜಾಗದಲ್ಲಿ ಅವರು ಕೊಡೊಕಾನ್ ಅನ್ನೋ ಜೂಡೋ ಶಾಲೆ ಶುರು ಮಾಡಿದ್ರು. ಕರಾಟೆ ಆಗಿನ್ನೂ ಟೋಕಿಯೋಗೆ ಬಂದೇ ಇರ್ಲಿಲ್ಲ, ಅದು ದಕ್ಷಿಣದಲ್ಲಿ ಓಕಿನಾವಾ ದ್ವೀಪದ್ದು, ಅಲ್ಲಿಂದ ಗಿಚಿನ್ ಫುನಾಕೋಶಿ ಅನ್ನೋ ಸ್ಕೂಲ್ ಮೇಷ್ಟ್ರು 1922ರಲ್ಲಿ ಟೋಕಿಯೋಗೆ ಬಂದು ತೋರಿಸಿದ್ರು, ಕಾನೋ ಅವರು ಫುನಾಕೋಶಿನ ಕೊಡೊಕಾನ್‌ಗೂ ಕರೆಸ್ಕೊಂಡ್ರು, ಆಮೇಲೆ ಫುನಾಕೋಶಿ ಆ ಡ್ರೆಸ್ಸು ಬೆಲ್ಟು ದಾನ್ ಎಲ್ಲಾ ಕರಾಟೆಗೂ ತಂದ್ಕೊಂಡ್ರು.

ಕೊರಿಯಾ 1910ರಿಂದ 1945ರವರೆಗೆ ಜಪಾನ್ ಕೈಲಿತ್ತು. ಓದೋಕೆ ಅಂತ ಜಪಾನಿಗೆ ಹೋದ ಕೊರಿಯಾ ಹುಡುಗ್ರಲ್ಲಿ ಕೆಲವರು ಅಲ್ಲಿ ಕರಾಟೆ ಕಲ್ತ್ರು. ಲೀ ವೊನ್-ಕುಕ್ ಅಂತ ಒಬ್ರು, ಇದೇ ಫುನಾಕೋಶಿ ಹತ್ರ ಕಲ್ತು, 1944ರಲ್ಲಿ ಸಿಯೋಲ್‌ನಲ್ಲಿ ಚುಂಗ್ ದೋ ಕ್ವಾನ್ ಅನ್ನೋ ಶಾಲೆ ತೆಗೆದ್ರು. ಸ್ವಾತಂತ್ರ್ಯ ಬಂದ ಮೇಲೆ ಇಂಥ ಶಾಲೆಗಳು ಇನ್ನೂ ಹುಟ್ಟಿದ್ವು. ಟೇಕ್ವಾಂಡೋ ಅನ್ನೋ ಹೆಸರು ಬಂದಿದ್ದು 1955ರಲ್ಲಿ, ಅದರ ಹಿಂದೆ ಓಡಾಡಿದ ಜನರಲ್ ಚೋಯ್ ಹೊಂಗ್-ಹಿ ಕೂಡ ಜಪಾನಲ್ಲಿ ಕರಾಟೆ ಕಲ್ತೋರೇ. ಎರಡು ಸಾವಿರ ವರ್ಷದ ಕಲೆ ಅಂತ ಬ್ಯಾನರ್ ಹಾಕ್ತಾರಲ್ಲ, ಅದನ್ನ ನೋಡಿ ಮಕ್ಕಳನ್ನ ಸೇರಿಸ್ಬೇಡಿ. ಕೊರಿಯಾದಲ್ಲಿ ತೇಕ್ಯೊನ್ ಅಂತ ಒದೆಯೋ ಹಳೇ ಜನಪದ ಆಟ ಇದೆ, ನಿಜ, ಲಯವಾಗಿ ಹೆಜ್ಜೆ ಹಾಕ್ತಾ ಹಾಕ್ತಾ ಒದೀತಾರೆ, ನೋಡೋಕೆ ತುಂಬಾ ಚೆಂದ, 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಆದ್ರೆ ಆಗಿನ ಆ ಶಾಲೆಗಳಲ್ಲಿ ಹೇಳಿಕೊಡ್ತಿದ್ದಿದ್ದು ಹೆಚ್ಚು ಕಮ್ಮಿ ಕರಾಟೆನೇ. ಈಗ್ಲೂ ತಾಂಗ್ ಸೂ ದೋ ಅನ್ನೋ ಇನ್ನೊಂದು ಕೊರಿಯಾ ಕಲೆ ಕಲಿಯೋರನ್ನ ನೋಡಿ, ಅವರ ಪ್ಯುಂಗ್ ಆನ್ ಅನ್ನೋ ಪಾಠನೂ ಕರಾಟೆಯ ಹೇಯಾನ್ ಕಾಟಾನೂ, ಅಂದ್ರೆ ಒಬ್ಬರೇ ನಿಂತು ವರಸೆಗಳನ್ನ ಸಾಲಾಗಿ ಮಾಡೋ ಪಾಠ, ಅಕ್ಕಪಕ್ಕ ಇಟ್ರೆ ಒಂದೇ ತಾಯಿ ಮಕ್ಕಳು ಅಂತ ಗೊತ್ತಾಗುತ್ತೆ.

ಸರಿ, ಹಾಗಾದ್ರೆ ಇವತ್ತು ಟೀವಿಲಿ ನೋಡಿದ್ರೆ ಟೇಕ್ವಾಂಡೋದವನು ಬರೀ ಕಾಲಲ್ಲೇ ಆಡ್ತಾನೆ, ಕರಾಟೆಯವನು ಮಿಂಚಿನ ಥರ ಒಳಗೆ ನುಗ್ಗಿ ಗುದ್ದಿ ಹಿಂದೆ ಬರ್ತಾನೆ, ಈ ವ್ಯತ್ಯಾಸ ಎಲ್ಲಿಂದ ಬಂತು? ಕೊರಿಯಾದವರ ಕಾಲು ಉದ್ದ, ಅಲ್ಲಿ ಬೆಟ್ಟ ಜಾಸ್ತಿ, ಹೀಗೆಲ್ಲಾ ಹೇಳೋರಿದ್ದಾರೆ. ಕೇಳಿ ಕೇಳಿ ನಂಗೆ ಸಾಕಾಗಿದೆ. ರೂಲ್ ಹೇಗೋ ಕಾಲು ಹಾಗೆ, ಸ್ವಾಮಿ. 1960ರ ದಶಕದಲ್ಲಿ ಕೊರಿಯಾದವರು ಎದೆಗೆ ಗಾರ್ಡ್ ಕಟ್ಟಿ, ಜೋರಾಗಿ ಹೊಡೀರಿ, ಆದ್ರೆ ಮುಖಕ್ಕೆ ಕೈಯಲ್ಲಿ ಗುದ್ದೋ ಹಾಗಿಲ್ಲ ಅಂತ ಸ್ಪರ್ಧೆ ಶುರು ಮಾಡಿದ್ರು. ಮುಖಕ್ಕೆ ಗುದ್ದೋ ಹಾಗಿಲ್ಲ ಅಂದ ಮೇಲೆ ತಲೆಗೆ ಹೋಗೋಕೆ ಉಳಿದಿದ್ದು ಕಾಲೊಂದೇ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಲೆಕ್ಕ ಕೇಳಿ: ಟೇಕ್ವಾಂಡೋದಲ್ಲಿ ಎದೆ ಗಾರ್ಡಿಗೆ ಗುದ್ದಿದ್ರೆ 1 ಪಾಯಿಂಟ್, ಅಲ್ಲಿಗೇ ಒದ್ರೆ 2, ತಲೆಗೆ ಒದ್ರೆ 3, ಮೈ ತಿರುಗಿಸಿ ಎದೆಗೆ ಒದ್ರೆ 4, ಮೈ ತಿರುಗಿಸಿ ತಲೆಗೆ ಒದ್ರೆ 5. ಒಂದಕ್ಕೆ ಐದು! ಯಾವ ಬುದ್ಧಿವಂತ ಮಗು ಗುದ್ದೋದು ಪ್ರಾಕ್ಟೀಸ್ ಮಾಡುತ್ತೆ ಹೇಳಿ. ಕೈ ಕೆಳಗೆ ಇಳೀತು, ಪಾದದ ಅಂತರ ಕಮ್ಮಿಯಾಯ್ತು, ನಿಲುವು ನೆಟ್ಟಗಾಯ್ತು, ಮುಂದಿನ ಕಾಲು ಯಾವಾಗ್ಲೂ ಏಳೋಕೆ ರೆಡಿ.

ಕರಾಟೆ ಅದೇ ಒಲಿಂಪಿಕ್ಸ್‌ನಲ್ಲಿ ಹೇಗಿತ್ತು? ಕೈಯಲ್ಲಿ ಹೊಡೆದ್ರೆ 1, ಹೊಟ್ಟೆ ಎದೆ ಬೆನ್ನಿಗೆ ಒದ್ರೆ 2, ತಲೆಗೆ ಒದ್ರೆ ಅಥವಾ ಬಿದ್ದವನಿಗೆ ಹೊಡೆದ್ರೆ 3. ಮುಖಕ್ಕೂ ಗುದ್ದಬಹುದು. ಆದ್ರೆ ಒಂದು ಷರತ್ತು, ಪೂರ್ತಿ ವೇಗದಲ್ಲಿ ಹೋಗ್ಬೇಕು, ತಲುಪೋ ಹೊತ್ತಿಗೆ ಹಿಡಿತದಲ್ಲಿರ್ಬೇಕು, ಜೋರಾಗಿ ಪೆಟ್ಟು ಬೀಳಬಾರ್ದು.

ಈ ಷರತ್ತು ಏನು ಮಾಡುತ್ತೆ ಅಂತ ತೋರಿಸೋಕೆ ಒಂದು ಫೈನಲ್ ಕಥೆ ಹೇಳ್ತೀನಿ, ಸ್ವಲ್ಪ ಉದ್ದ ಇದೆ ಆದ್ರೂ ಕೇಳಿ, ನಮ್ಮ ಹುಡುಗ್ರಿಗೆಲ್ಲಾ ನಾನು ಇದನ್ನ ಹೇಳದೇ ಬಿಟ್ಟಿಲ್ಲ. 2021ರ ಆಗಸ್ಟ್ 7, ಟೋಕಿಯೋದ ನಿಪ್ಪೋನ್ ಬುಡೋಕಾನ್. 1964ರಲ್ಲಿ ಜೂಡೋ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತಲ್ಲ, ಅದಕ್ಕೆ ಅಂತಾನೇ ಕಟ್ಟಿದ ಹಾಲ್ ಅದು. ಕರಾಟೆಗೆ ಅದೇ ಮೊದಲ ಒಲಿಂಪಿಕ್ಸ್, ಅವತ್ತು ಕೊನೇ ದಿನ, ಗಂಡಸರ 75 ಕೆ.ಜಿ. ಮೇಲ್ಪಟ್ಟವರ ಫೈನಲ್. ಒಂದು ಕಡೆ ಇರಾನಿನ ಸಜ್ಜಾದ್ ಗಂಜ್‌ಝಾದೆ, ಇನ್ನೊಂದು ಕಡೆ ಸೌದಿ ಅರೇಬಿಯಾದ ತಾರೆಗ್ ಹಮೆದಿ, ಇನ್ನೂ ಇಪ್ಪತ್ಮೂರರ ಹುಡುಗ. ಸೌದಿ ಅರೇಬಿಯಾಗೆ ಒಲಿಂಪಿಕ್ಸ್‌ನಲ್ಲಿ ಅಲ್ಲಿವರೆಗೆ ಒಂದೇ ಒಂದು ಚಿನ್ನ ಇಲ್ಲ, ಇಡೀ ದೇಶ ಟೀವಿ ಮುಂದೆ ಕೂತಿರುತ್ತೆ, ಯೋಚನೆ ಮಾಡಿ.

ಹಮೆದಿ ಶುರುವಿಂದಾನೇ ಜೋರು, ಸ್ಕೋರು 4-1, ಅವನೇ ಮುಂದೆ. ಸುಮ್ನೆ ದೂರ ನಿಂತು ಕಾಲ ಕಳೆದಿದ್ರೂ ಸಾಕಿತ್ತು. ಅವನು ಅಂಥವನಲ್ಲ, ಎದುರಾಳಿ ಒಳಗೆ ಬಂದ ತಕ್ಷಣ ಎತ್ತಿ ಒಂದು ಹೈ ಕಿಕ್ ಬಿಟ್ಟ, ಅದು ಸೀದಾ ಕತ್ತು ತಲೆ ಸೇರೋ ಕಡೆ ಬಿತ್ತು, ಗಂಜ್‌ಝಾದೆ ಮ್ಯಾಟ್ ಮೇಲೆ ಬಿದ್ದವನು ಏಳಲೇ ಇಲ್ಲ. ಪ್ರಜ್ಞೆ ಇಲ್ಲ. ಡಾಕ್ಟ್ರು ಓಡಿ ಬಂದ್ರು, ಆಕ್ಸಿಜನ್ ಮಾಸ್ಕ್ ಹಾಕಿ ಸ್ಟ್ರೆಚರ್ ಮೇಲೆ ಎತ್ಕೊಂಡು ಹೋದ್ರು. ನೋಡ್ತಿದ್ದವರಿಗೆ ಏನನ್ಸುತ್ತೆ, ನಾಕೌಟ್ ಆಯ್ತು, ಹಮೆದಿ ಗೆದ್ದ, ಅಷ್ಟೇ ತಾನೆ? ರೆಫರಿಗಳು ಸೇರಿ ಮಾತಾಡಿದ್ರು, ಅಟ್ಯಾಕ್ ಹಿಡಿತದಲ್ಲಿ ಇರ್ಲಿಲ್ಲ ಅಂತ ಹಮೆದಿನ ಡಿಸ್‌ಕ್ವಾಲಿಫೈ ಮಾಡಿದ್ರು. ಸ್ಟ್ರೆಚರ್ ಮೇಲೆ ಹೋದವನಿಗೆ ಚಿನ್ನ. ನಿಂತಿದ್ದವನಿಗೆ ಬೆಳ್ಳಿ. ಆ ಹುಡುಗ ಅಲ್ಲೇ ಅತ್ತುಬಿಟ್ಟ.

ಇದೆಂಥಾ ಅನ್ಯಾಯ ಅಂತ ಸುಮಾರು ಜನ ಬೈದ್ರು. ನಾನು ಬೈಯಲ್ಲ. ಆ ಕಲೆಯಲ್ಲಿ ನಿಲ್ಲಿಸೋದೇ ವಿದ್ಯೆ, ಹೊಡೆಯೋದು ಯಾರಿಗೆ ಬರಲ್ಲ? ಈಗ ಅದೇ ಕಿಕ್ಕನ್ನ, ಅದೇ ಒಲಿಂಪಿಕ್ಸ್‌ನಲ್ಲಿ ಕೆಲವೇ ದಿನ ಮುಂಚೆ ನಡೆದಿದ್ದ ಟೇಕ್ವಾಂಡೋ ಮ್ಯಾಟ್ ಮೇಲೆ ಇಟ್ಟು ನೋಡಿ. ಅಲ್ಲಿ ತಲೆಗೆ ಹೆಲ್ಮೆಟ್ ಇರುತ್ತೆ, ಪೆಟ್ಟು ಜೋರಾಗಿ ಬೀಳಲಿ ಅಂತಾನೇ ಆ ಏರ್ಪಾಡು, ಎದುರಾಳಿ ಎದ್ದೇಳದೇ ಹೋದ್ರೆ ನಾಕೌಟ್, ಒದ್ದವನೇ ಗೆದ್ದ. ಒಂದೇ ಕಾಲು, ಒಂದೇ ತಲೆ, ಒಂದು ಹಾಲಲ್ಲಿ ಚಿನ್ನ, ಇನ್ನೊಂದು ಹಾಲಲ್ಲಿ ಹೊರಗೆ. ಇಪ್ಪತ್ತು ವರ್ಷ ಇಂಥ ಒಂದೊಂದು ಹಾಲಲ್ಲಿ ಬೆಳೆದ ಮೈ ಬೇರೆ ಬೇರೆ ಆಗದೇ ಇನ್ನೇನಾಗುತ್ತೆ?

ಅದಕ್ಕೇ ಅಪ್ಪ ಅಮ್ಮಂದ್ರಿಗೆ ನಾನು ಹೇಳೋದು, ಕ್ಲಾಸಿಗೆ ಹೋದಾಗ ಫೀಸ್ ಎಷ್ಟು, ಬ್ಲಾಕ್ ಬೆಲ್ಟ್ ಎಷ್ಟು ವರ್ಷಕ್ಕೆ ಅಂತ ಕೇಳೋ ಮುಂಚೆ ಅರ್ಧ ಗಂಟೆ ಕೂತು ದೊಡ್ಡ ಮಕ್ಕಳ ಸ್ಪಾರಿಂಗ್, ಅಂದ್ರೆ ಇಬ್ಬಿಬ್ಬರೇ ಆಡೋ ಅಭ್ಯಾಸದ ಪಂದ್ಯ, ನೋಡಿ. ಟೇಕ್ವಾಂಡೋ ಮಕ್ಕಳ ಕೈ ಸೊಂಟದ ಹತ್ರ ಜೋತಾಡ್ತಿದ್ಯಾ ನೋಡಿ, ಮಾಸ್ಟರನ್ನ ಕೇಳಿ, ಮುಖಕ್ಕೆ ಗುದ್ದು ಬಂದ್ರೆ ತಡೆಯೋದು ಹೇಳ್ಕೊಡ್ತೀರಾ ಅಂತ. ಕರಾಟೆ ಕ್ಲಾಸಾದ್ರೆ ಮಕ್ಕಳು ಯಾವತ್ತಾದ್ರೂ ಪ್ಯಾಡಿಗೆ, ಬ್ಯಾಗಿಗೆ ನಿಜವಾಗ್ಲೂ ಜೋರಾಗಿ ಹೊಡೀತಾರಾ, ಇಲ್ಲಾ ಬರೀ ಗಾಳಿಗೇನಾ, ಅದನ್ನ ಕೇಳಿ. ಒಳ್ಳೇ ಮಾಸ್ಟರು ತಮ್ಮ ರೂಲ್ ಏನನ್ನ ಬಿಟ್ಟಿದೆ ಅಂತ ತಿಳ್ಕೊಂಡು ಅದನ್ನೂ ಸೇರಿಸಿ ಕಲಿಸ್ತಾರೆ, ಇಂಥ ಮಾಸ್ಟರು ಎರಡು ಕಡೆನೂ ಇದ್ದಾರೆ. ಮೂರು ತಿಂಗಳಿಗೊಂದು ಬೆಲ್ಟು, ಬೆಲ್ಟಿಗೊಂದು ಫೀಸು ಅನ್ನೋ ಕಡೆ ಮಾತ್ರ ದಯವಿಟ್ಟು ಹೋಗ್ಬೇಡಿ, ಇದನ್ನ ಕೈ ಮುಗಿದು ಹೇಳ್ತೀನಿ.

ಸ್ಟುಡಿಯೋದಲ್ಲಿ ಗಡಿಯಾರ ತೋರಿಸ್ತಿದ್ದಾರೆ, ಉಳಿದಿದ್ದನ್ನ ಬೇಗ ಹೇಳಿಬಿಡ್ತೀನಿ. ಜಪಾನಿನ ಅತಿ ಒರಟು ಕರಾಟೆ ಯಾವುದು ಅಂದ್ರೆ ಎಲ್ಲರೂ ಕ್ಯೋಕುಶಿನ್ ಅಂತಾರೆ, ಗಾರ್ಡ್ ಇಲ್ಲ, ಗ್ಲೌಸ್ ಇಲ್ಲ, ಪೂರ್ತಿ ಏಟು. ಅದನ್ನ ಕಟ್ಟಿದ ಮಾಸ್ ಒಯಾಮಾ ಹುಟ್ಟಿದ್ದು 1923ರಲ್ಲಿ ಕೊರಿಯಾದಲ್ಲಿ, ಅವರ ಹುಟ್ಟುಹೆಸರು ಚೋಯ್ ಯಂಗ್-ಉಯ್. ಈಗ ಹೇಳಿ, ಇದು ಯಾವ ದೇಶದ್ದು? ಅವರ ಸ್ಪರ್ಧೆಲಿ ಮುಖಕ್ಕೆ ಕೈಯಲ್ಲಿ ಗುದ್ದೋ ಹಾಗಿಲ್ಲ, ತೊಡೆಗೆ ಒದೀಬಹುದು, ತಲೆಗೂ ಒದೀಬಹುದು. ಹಂಗಾಗಿ ಆಟಗಾರರು ಎದೆಗೆ ಎದೆ ಕೊಟ್ಟು ನಿಂತು ಪಕ್ಕೆಲುಬಿಗೆ ಗುದ್ತಾರೆ, ತೊಡೆಗೆ ಒದ್ದು ಒದ್ದು ಕೂರಿಸ್ತಾರೆ. ಮತ್ತೆ ಅದೇ, ರೂಲ್ ಹೇಗೋ ಕಾಲು ಹಾಗೆ.

ಐಕಿಡೋ ಮತ್ತೆ ಹಾಪ್ಕಿಡೋ ಬಗ್ಗೆ ಒಂದು ಮಾತು, ಮೊದಲನೇದು ಜಪಾನಿಂದು, ಎರಡನೇದು ಕೊರಿಯಾದ್ದು, ಎರಡರಲ್ಲೂ ಎದುರಾಳಿಯ ಕೈ ಗಂಟು ತಿರುಚಿ ಹಿಡಿಯೋ ಲಾಕ್‌ಗಳಿವೆ. ಐಕಿಡೋದ ಮೊರಿಹೇಯ್ ಉಯೆಶಿಬಾ ಕಲಿತಿದ್ದು ತಕೇದಾ ಸೋಕಾಕು ಅನ್ನೋ ಗುರುಗಳ ಹತ್ರ. ಕೊರಿಯಾದ ಚೋಯ್ ಯೊಂಗ್-ಸೂಲ್ ಕೂಡ ನಾನೂ ಅವರ ಹತ್ರಾನೇ ಕಲ್ತೆ ಅಂತಿದ್ರು. 1948ರಲ್ಲಿ ತೇಗು ಊರಿನ ಒಂದು ಸಾರಾಯಿ ಭಟ್ಟಿ ಹತ್ರ ಹಂದಿಗೆ ಮೇವು ಒಯ್ಯೋಕೆ ಬಂದಾಗ ಜಗಳ ಆಗಿ, ಮೈಮೇಲೆ ಬಿದ್ದ ಹಲವರನ್ನ ಈ ಚೋಯ್ ಒಬ್ಬರೇ ಮಲಗಿಸಿಬಿಟ್ರಂತೆ, ಮೇಲಿಂದ ನೋಡ್ತಿದ್ದ ಭಟ್ಟಿ ಮಾಲೀಕರ ಮಗ ಸುಹ್ ಬೊಕ್-ಸಬ್ ಜೂಡೋ ಬ್ಲಾಕ್ ಬೆಲ್ಟು, ಚೋಯ್‌ನ ಕರೆಸಿ ಜೂಡೋ ಥರ ಅವರ ಬಟ್ಟೆ ಹಿಡ್ಕೊಂಡ್ರೆ ಸುಹ್ ಕೈಗೇ ಲಾಕ್ ಬಿತ್ತು, ಸುಹ್ ಅಲ್ಲೇ ಶಿಷ್ಯ ಆದ್ರು. ಜೂಡೋದಲ್ಲಿ ಬಟ್ಟೆ ಹಿಡಿಯೋದೇ ಮೊದಲ ಪಾಠ, ಆದ್ರೆ ಸ್ಪರ್ಧೆಲಿ ಮೊಣಕೈ ಬಿಟ್ಟು ಬೇರೆ ಗಂಟಿಗೆ ಲಾಕ್ ಹಾಕಂಗಿಲ್ಲ, ಹಾಗಾಗಿ ಹಿಡಿದ ಮಣಿಕಟ್ಟನ್ನ ಕಾಪಾಡ್ಕೊಳೋ ಅಭ್ಯಾಸ ಆ ಮೈಗೆ ಇರಲ್ಲ. ಆಮೇಲೆ ಜಿ ಹಾನ್-ಜೆ ಅನ್ನೋ ಕೊರಿಯಾ ಗುರು ಬಂದು ಹಾಪ್ಕಿಡೋಗೆ ಕಿಕ್ಕುಗಳನ್ನ ಸೇರಿಸಿದ್ರು, ಅದರ ಕಥೆ ಇನ್ನೊಂದಿನ.

ಕೊನೇದು ಕೆಂಡೋ, ಕೊರಿಯಾದಲ್ಲಿ ಕುಮ್ದೋ ಅಂತಾರೆ. ಬಿದಿರ ಕತ್ತಿ, ತಲೆ, ಮಣಿಕಟ್ಟು, ಪಕ್ಕೆ, ಗಂಟಲು, ಹೊಡೆಯೋ ಜಾಗ ಎರಡೂ ಕಡೆ ಇವೇ. ಇಲ್ಲಿ ರೂಲ್ ಒಂದೇ ಆಗಿರೋದ್ರಿಂದ ಆಟಾನೂ ಒಂದೇ, ಪಂದ್ಯಕ್ಕೆ ಮುಂಚೆ ಕುಕ್ಕರಗಾಲಲ್ಲಿ ಕೂರೋ ಜಪಾನಿ ಪದ್ಧತಿನ ಕೊರಿಯಾದವರು ತಮ್ಮ ದೇಶದಲ್ಲಿ ಬಿಟ್ಟಿದ್ದಾರೆ, ಅಂಥ ಸಣ್ಣ ಪುಟ್ಟದ್ದು ಬಿಟ್ರೆ ದೂರದಿಂದ ಯಾರು ಯಾರು ಅಂತ ಹೇಳೋಕಾಗಲ್ಲ. 2006ರಲ್ಲಿ ತೈಪೇಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗಂಡಸರ ಟೀಮ್ ಸೆಮಿಫೈನಲ್ಲಲ್ಲಿ ಜಪಾನನ್ನೇ ಅಮೆರಿಕ ಸೋಲಿಸ್ತು, ಫೈನಲ್ಲಲ್ಲಿ ಅಮೆರಿಕಾನ ಸೋಲಿಸಿ ಕಪ್ ಎತ್ತಿದ್ದು ಕೊರಿಯಾ. ಆ ಪಂದ್ಯದ ವಿಡಿಯೋ ಸಿಕ್ರೆ ಮಕ್ಕಳ ಜೊತೆ ಕೂತು ನೋಡಿ. ನಮಸ್ಕಾರ.